ಹಾಲುಹಲ್ಲಿಗೆ ಹುಳುಕು ಎಲ್ಲಿಂದ ಬರುತ್ತದೆ?

ಕೇಳುಗರಿಗೆ ನಮಸ್ಕಾರ.

1598ರಲ್ಲಿ ಪಾಲ್ ಹೆಂಟ್ಸ್‌ನರ್ ಎಂಬ ಜರ್ಮನ್ ಪ್ರವಾಸಿ ಇಂಗ್ಲೆಂಡಿಗೆ ಹೋಗಿದ್ದ. ರಾಣಿ ಒಂದನೇ ಎಲಿಜಬೆತ್‌ಳನ್ನು ಕಂಡ. ಅವಳ ಹಲ್ಲು ಕಪ್ಪಗಿದ್ದವು ಎಂದು ಬರೆದಿಟ್ಟ. ಸಕ್ಕರೆ ಜಾಸ್ತಿ ತಿನ್ನುವ ಇಂಗ್ಲಿಷರಿಗೆ ಈ ತೊಂದರೆ ಇದ್ದದ್ದೇ ಎಂದೂ ಸೇರಿಸಿದ. ಆಗ ಸಕ್ಕರೆ ಬಲು ದುಬಾರಿ. ಬಡವರ ಕೈಗೆ ಸಿಗುತ್ತಿರಲಿಲ್ಲ. ಹುಳುಕು ಹಲ್ಲು ಆಗ ದೊಡ್ಡವರ ಮನೆಯ ಕಾಯಿಲೆ!

ಆಮೇಲೆ ಸಕ್ಕರೆ ಅಗ್ಗವಾಯಿತು. 1874ರಲ್ಲಿ ಬ್ರಿಟನ್ ಅದರ ಮೇಲಿನ ಸುಂಕವನ್ನೇ ತೆಗೆದುಹಾಕಿತು. ಈಗ ಅದೇ ಇಂಗ್ಲೆಂಡಿನ ಲೆಕ್ಕ ಕೇಳಿ. 2022ರಲ್ಲಿ 5 ವರ್ಷದ ಮಕ್ಕಳ ಬಾಯಿ ಪರೀಕ್ಷೆ ಮಾಡಿದರು. ತೀರಾ ಬಡ ಪ್ರದೇಶಗಳಲ್ಲಿ 100ಕ್ಕೆ 35 ಮಕ್ಕಳಿಗೆ ಹುಳುಕು ಹಲ್ಲಿತ್ತು. ಅನುಕೂಲವಂತರ ಪ್ರದೇಶಗಳಲ್ಲಿ 13 ಅಥವಾ 14 ಮಕ್ಕಳಿಗೆ ಮಾತ್ರ.

ಇದು ಆಗುವುದು ಹೇಗೆ? ಬಾಯಿಯಲ್ಲಿರುವ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಆಮ್ಲ ಬಿಡುತ್ತವೆ. ಆ ಆಮ್ಲ ಹಲ್ಲಿನ ಮೇಲ್ಪದರವನ್ನು ಕರಗಿಸುತ್ತದೆ. ಜೊಲ್ಲು ಅದನ್ನು ನಿಧಾನವಾಗಿ ರಿಪೇರಿ ಮಾಡುತ್ತದೆ. ಆದರೆ ಅದಕ್ಕೆ ಬಿಡುವು ಬೇಕು. ಊಟದ ಜೊತೆ ಒಂದು ತುಂಡು ಮೈಸೂರುಪಾಕು ತಿಂದರೆ ಹಲ್ಲು ತಡೆದುಕೊಳ್ಳುತ್ತದೆ. ದಿನವಿಡೀ ಅರ್ಧ ಗಂಟೆಗೊಂದು ಬಿಸ್ಕತ್ತು ಚಪ್ಪರಿಸುತ್ತಿದ್ದರೆ ರಿಪೇರಿಗೆ ಸಮಯವೇ ಇಲ್ಲ. ನಿದ್ದೆಯಲ್ಲಂತೂ ಜೊಲ್ಲು ಕಡಿಮೆ. ಸಕ್ಕರೆ ಹಾಕಿದ ಹಾಲಿನ ಬಾಟಲಿ ಬಾಯಲ್ಲಿಟ್ಟು ಮಲಗಿಸಿದರೆ ಮೊದಲು ಹೋಗುವುದು ಮೇಲಿನ ಮುಂದಿನ ಹಲ್ಲುಗಳು.

ಇಷ್ಟು ಕೇಳಿದ ಕೂಡಲೇ ತಾಯಿಯನ್ನು ಬೈಯುವವರಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಬೆಳಿಗ್ಗೆ ಗಾರೆ ಕೆಲಸಕ್ಕೆ ಹೋಗುವ ಹೆಂಗಸಿನ ದಿನವನ್ನು ನೆನೆಸಿಕೊಳ್ಳಿ. ಮಗು ಅಜ್ಜಿಯ ಹತ್ತಿರವೋ, 8 ವರ್ಷದ ಅಕ್ಕನ ಹತ್ತಿರವೋ ಇರುತ್ತದೆ. ಅತ್ತರೆ ಸುಮ್ನಾಗಿಸಲು ಅಂಗಡಿಯಲ್ಲಿ ಸಿಗುವ ಅತಿ ಅಗ್ಗದ ವಸ್ತು ಬಿಸ್ಕತ್ತು, ಇಲ್ಲವೇ ಪೆಪ್ಪರಮಿಂಟು. ಬಾಳೆಹಣ್ಣಿಗೂ ಅದಕ್ಕಿಂತ ಜಾಸ್ತಿ ಕೊಡಬೇಕು. ಹಲ್ಲು ನೋವು ಬಂತು ಅಂತಿಟ್ಟುಕೊಳ್ಳಿ. ಆಸ್ಪತ್ರೆಗೆ ಎರಡು ಮೂರು ಸಲ ಅಲೆದರೆ ಅಷ್ಟು ದಿನದ ಕೂಲಿ ಹೋಯಿತು. ಅನುಕೂಲವಂತರ ಮಕ್ಕಳೂ ಚಾಕೊಲೇಟ್ ತಿನ್ನುತ್ತಾರೆ. ಆದರೆ ರಾತ್ರಿ ಹಲ್ಲುಜ್ಜಿಸಲು ಮನೆಯಲ್ಲಿ ಒಬ್ಬರಿಗಾದರೂ ಪುರಸೊತ್ತಿರುತ್ತದೆ, ಡಾಕ್ಟರಿಗೆ ಕೊಡಲು ಹಣವಿರುತ್ತದೆ.

“ಹೇಗೂ ಬೀಳೋ ಹಲ್ಲು ತಾನೇ” ಎನ್ನುವ ಮಾತೂ ಇದೆ. ದವಡೆಯ ಹಾಲುಹಲ್ಲು ಬೀಳುವುದು 10ರಿಂದ 12 ವರ್ಷಕ್ಕೆ. ಮೂರು ವರ್ಷದ ಮಗು ಏಳೆಂಟು ವರ್ಷ ಅದರಲ್ಲೇ ರೊಟ್ಟಿ ಅಗಿಯಬೇಕು. ನೋವಿದ್ದರೆ ಊಟ ಸೇರುವುದಿಲ್ಲ, ನಿದ್ದೆ ಬರುವುದಿಲ್ಲ, ತೂಕ ಏರುವುದಿಲ್ಲ.

ಸ್ಕಾಟ್ಲೆಂಡಿನವರು ಇದಕ್ಕೆ ಒಂದು ದಾರಿ ಹುಡುಕಿದರು. ತಾಯಂದಿರಿಗೆ ಉಪದೇಶ ಹೇಳುವುದಷ್ಟೇ ಸಾಲದು ಎಂದು, ಮಕ್ಕಳು ಇರುವಲ್ಲಿಗೇ ಬ್ರಷ್ಷು ತಂದರು. 2006ರಲ್ಲಿ ಚೈಲ್ಡ್‌ಸ್ಮೈಲ್ ಎಂಬ ಕಾರ್ಯಕ್ರಮ ಶುರುವಾಯಿತು. ಶಿಶುವಿಹಾರಗಳಲ್ಲಿ ಟೀಚರ್ ಎದುರಲ್ಲೇ ದಿನಾ ಫ್ಲೋರೈಡ್, ಅಂದರೆ ಹಲ್ಲನ್ನು ಗಟ್ಟಿ ಮಾಡುವ ಖನಿಜ, ಇರುವ ಪೇಸ್ಟಿನಿಂದ ಹಲ್ಲುಜ್ಜಿಸುತ್ತಾರೆ. ಬಡ ಪ್ರದೇಶಗಳ ಮಕ್ಕಳ ಹಲ್ಲಿಗೆ ಫ್ಲೋರೈಡ್ ವಾರ್ನಿಷ್ ಎಂಬ ಲೇಪ ಬಳಿಯುವ ಏರ್ಪಾಡೂ ಇದೆ. 2003ರಲ್ಲಿ ಒಂದನೇ ತರಗತಿಗೆ ಸೇರಿದ 100 ಮಕ್ಕಳಲ್ಲಿ ಸುಮಾರು 45 ಮಕ್ಕಳ ಹಲ್ಲಲ್ಲಿ ಕಣ್ಣಿಗೆ ಕಾಣುವ ಹುಳುಕಿರಲಿಲ್ಲ. 2020ರ ಹೊತ್ತಿಗೆ ಅಂಥವರು 74 ಆದರು. ಬಡವ ಬಲ್ಲಿದರ ನಡುವಿನ ಅಂತರ ಅಲ್ಲಿ ಇನ್ನೂ ಇದೆ, ನಿಜ.

ನಮ್ಮಲ್ಲಿ ಊರೂರಿಗೂ ಅಂಗನವಾಡಿ ಇದೆ. ಮಕ್ಕಳು ಅಲ್ಲೇ ಊಟ ಮಾಡುತ್ತಾರೆ, ಕೈತೊಳೆಯುವುದನ್ನು ಅಲ್ಲೇ ಕಲಿಯುತ್ತಾರೆ. ಹಲ್ಲುಜ್ಜುವುದೂ ಅದರ ಜೊತೆ ಸೇರಬೇಕು. ಬಡ ಕುಟುಂಬದ ಹಿರಿಯರಿಗೆ ಹಲ್ಲಿನ ಸೆಟ್ಟು ಕೊಡುವ ದಂತ ಭಾಗ್ಯ ಯೋಜನೆ ನಮ್ಮ ರಾಜ್ಯದ್ದು. ಒಳ್ಳೆಯದೇ. ಆದರೆ ಸೆಟ್ಟಿಗಿಂತ ಬ್ರಷ್ಷು ಅಗ್ಗ ಅಲ್ವಾ?

ಮನೆಯಲ್ಲಿ ಮಾಡಬಹುದಾದದ್ದೂ ಇದೆ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು ಪೇಸ್ಟು ಸಾಕು, ಆಮೇಲೆ ಬಟಾಣಿಯಷ್ಟು. ನುಂಗದೆ ಉಗುಳಲು ಕಲಿಸಿ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಕೊಳವೆಬಾವಿ ನೀರಿನಲ್ಲೇ ಫ್ಲೋರೈಡ್ ಜಾಸ್ತಿ ಇರುವ ಊರುಗಳಿವೆ. ಫ್ಲೋರೈಡ್ ಅತಿಯಾದರೂ ಹಲ್ಲಿಗೆ ಕೆಡುಕೇ, ಅಲ್ಲಿನವರು ಪೇಸ್ಟಿನ ವಿಷಯವನ್ನು ಡಾಕ್ಟರ ಹತ್ತಿರ ಒಮ್ಮೆ ಕೇಳಿಕೊಳ್ಳಿ. ರಾತ್ರಿ ಉಜ್ಜಿದ ಮೇಲೆ ನೀರು ಬಿಟ್ಟು ಬೇರೇನೂ ಬೇಡ.

ವಾರಕ್ಕೊಮ್ಮೆ ಮಗುವಿನ ಮೇಲ್ದುಟಿ ಎತ್ತಿ ನೋಡಿ. ವಸಡಿನ ಪಕ್ಕ ಸುಣ್ಣದಂಥ ಬಿಳಿ ಗೆರೆ ಕಂಡರೆ ಹುಳುಕು ಶುರುವಾಗುತ್ತಿದೆ ಎಂದರ್ಥ. ಆ ಹಂತದಲ್ಲಿ ಅದನ್ನು ಇನ್ನೂ ತಡೆಯಬಹುದು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು. ಹಲ್ಲನ್ನು ನೋಡುವುದೂ ಅವರ ಕೆಲಸ. ಯಾವತ್ತು ಬರುತ್ತಾರೆ ಎಂದು ಟೀಚರನ್ನು ಕೇಳಿಟ್ಟುಕೊಂಡು, ಆ ದಿನ ಮಗುವನ್ನು ತಪ್ಪದೆ ಕಳಿಸಿ.

ನಮಸ್ಕಾರ.