ಪಲೇರ್ಮೋ ಸಂತೆಯಲ್ಲಿ ನನ್ನ ಕನ್ನಡ ನೋಟ್‌ಬುಕ್

ಈ ಕೂಗನ್ನು ಸ್ವಲ್ಪ ಕೇಳಿಸಿಕೊಳ್ಳಿ. ಇದು ಸಿಸಿಲಿಯ ಪಲೇರ್ಮೋ ನಗರದ ಬಲ್ಲರೋ ಸಂತೆ, ಬೆಳಗಿನ ಒಂಬತ್ತೂವರೆ. ಬದನೆಕಾಯಿ ರಾಶಿಯ ಹಿಂದೆ ನಿಂತಿರುವವರು ಹಾಡುತ್ತಿಲ್ಲ, ಜಗಳವನ್ನೂ ಆಡುತ್ತಿಲ್ಲ, ವ್ಯಾಪಾರ ಮಾಡುತ್ತಿದ್ದಾರೆ. ಹೀಗೆ ರಾಗ ಎಳೆದು ಕೂಗುವುದಕ್ಕೆ ಇಲ್ಲಿ ‘ಅಬ್ಬನ್ನಿಯಾತ’ ಎನ್ನುತ್ತಾರೆ. ನಾಲ್ಕು ತಿಂಗಳು ದಿನಾ ರಾತ್ರಿ ಊಟವಾದ ಮೇಲೆ ಮೊಬೈಲ್ ಹಿಡಿದು ಕುಳಿತು ಇಟಾಲಿಯನ್ ಕಲಿತು ಬಂದವಳು ನಾನು. ಈ ಕೂಗಿನಲ್ಲಿ ಒಂದು ಪದವೂ ತಿಳಿಯಲಿಲ್ಲ. ತಿಳಿಯುವುದಾದರೂ ಹೇಗೆ? ಅದು ಸಿಸಿಲಿಯನ್.

ಸಿಸಿಲಿಯನ್ ಎಂದರೆ ಕೆಟ್ಟುಹೋದ ಇಟಾಲಿಯನ್ ಎಂದುಕೊಂಡವರಿದ್ದಾರೆ. ಹೊರಡುವ ಮುಂಚೆ ನಾನೂ ಹಾಗೇ ಅಂದುಕೊಂಡಿದ್ದೆ. ಅದು ಲ್ಯಾಟಿನ್‌ನಿಂದ ತನ್ನದೇ ದಾರಿಯಲ್ಲಿ ಬೆಳೆದು ಬಂದ ಭಾಷೆ. 13ನೆಯ ಶತಮಾನದಲ್ಲಿ ಎರಡನೆಯ ಫ್ರೆಡರಿಕ್ ಚಕ್ರವರ್ತಿಯ ಆಸ್ಥಾನದ ಕವಿಗಳು ಬರೆದದ್ದು ಇದರಲ್ಲಿ. ಹದಿನಾಲ್ಕು ಸಾಲಿನ ಕವಿತೆ ಸುನೀತ (ಸಾನೆಟ್) ಹುಟ್ಟಿದ್ದೂ ಆ ಗುಂಪಿನಲ್ಲೇ. ಅದಕ್ಕೂ ಮುಂಚೆ ಅರಬರ ಆಳ್ವಿಕೆ ಇದ್ದದ್ದರಿಂದ ಎಳ್ಳಿಗೆ ‘ಜುಜ್ಜುಲೇನ’, ಕಿತ್ತಳೆ ಹೂವಿಗೆ ‘ಝಾಗರ’ ಎನ್ನುವಂಥ ಅರಬಿ ಪದಗಳು ಇಲ್ಲಿ ಇಂದಿಗೂ ಉಳಿದಿವೆ.

ಈಗ ನನ್ನ ಮರ್ಯಾದೆ ಹೋದ ಕತೆ. ನಾನು ಇಳಿದುಕೊಂಡಿದ್ದ ಮನೆಯ ಯಜಮಾನಿ ಎಂಬತ್ತು ದಾಟಿದ ಅಜ್ಜಿ. ಮೊದಲ ದಿನ ಕಾಫಿ ಕೊಡುತ್ತಾ ‘ಕ್ವಾಂತಿ ಅನ್ನಿ ಆಯ್?’ ಎಂದರು. ನಿನಗೆ ಎಷ್ಟು ವರ್ಷ ಎಂದು. ಪಾಠದಲ್ಲಿ ಬಂದಿದ್ದ ಪ್ರಶ್ನೆಯೇ! ಖುಷಿಯಿಂದ ‘ಓ ತ್ರೆಂತದೂಯೆ ಆನಿ’ ಎಂದುಬಿಟ್ಟೆ. ಅಜ್ಜಿ ಕಾಫಿ ಬಟ್ಟಲನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ‘ಅನ್ನೊ’ ಎಂದರೆ ವರ್ಷ. ಒತ್ತಕ್ಷರ ಜಾರಿ ‘ಆನೊ’ ಆದರೆ ಗುದದ್ವಾರ. ನನಗೆ ಅಂಥವು ಮೂವತ್ತೆರಡು ಇವೆ ಎಂದು ಹೇಳಿದ್ದೆ.

ಕತೆಗೂ ಕತ್ತೆಗೂ ಇರುವ ವ್ಯತ್ಯಾಸವನ್ನು ತೊಟ್ಟಿಲಲ್ಲೇ ಕಲಿತ ನಾಲಿಗೆ ಹೀಗೆ ಎಡವಬಾರದಿತ್ತು. ತಪ್ಪು ನಾಲಿಗೆಯದಲ್ಲ, ನೋಟ್‌ಬುಕ್ಕಿನದು. ಎಲ್ಲವನ್ನೂ ರೋಮನ್ ಲಿಪಿಯಲ್ಲಿ ಬರೆದುಕೊಂಡು ಇಂಗ್ಲಿಷಿನಂತೆ ಓದುತ್ತಿದ್ದೆ. ಧನ್ಯವಾದ ಎನ್ನುವ ‘ಗ್ರಾತ್ಸಿಯೆ’ ನನ್ನ ಬಾಯಲ್ಲಿ ‘ಗ್ರಾಟ್ಸಿ’ ಆಗಿತ್ತು, ಸುಟ್ಟ ಬ್ರೆಡ್ಡಿನ ತಿಂಡಿ ‘ಬ್ರುಸ್ಕೆತ್ತ’ ‘ಬ್ರುಶೆಟಾ’ ಆಗಿತ್ತು. ಅಂದು ರಾತ್ರಿ ಕುಳಿತು ಇಡೀ ಪುಸ್ತಕವನ್ನು ಕನ್ನಡ ಅಕ್ಷರದಲ್ಲಿ ಮತ್ತೆ ಬರೆದೆ. ಇದೋ, ಕ್ಯಾಮೆರಾಗೆ ಹಿಡಿದಿದ್ದೇನೆ: ಎಡಕ್ಕೆ ನೀಲಿ ಶಾಯಿಯಲ್ಲಿ ಇಟಾಲಿಯನ್, ಬಲಕ್ಕೆ ಕೆಂಪು ಶಾಯಿಯಲ್ಲಿ ಸಿಸಿಲಿಯನ್, ಮೂಲೆಯಲ್ಲಿ ಆಲಿವ್ ಎಣ್ಣೆಯ ಕಲೆ. ‘ತ’, ‘ದ’ ನಮ್ಮವೇ. ಪದದ ಕೊನೆಗೆ ಸ್ವರ ಬೇಕೆನ್ನುವ ಹಟವೂ ನಮ್ಮದೇ. ಸಿಸಿಲಿಯನ್‌ನಲ್ಲಂತೂ ಕೊನೆಯ ‘ಒ’ ಹೋಗಿ ‘ಉ’ ಬರುತ್ತದೆ. ‘ಎಷ್ಟು’ ಎನ್ನಲು ಇಟಾಲಿಯನ್‌ನಲ್ಲಿ ‘ಕ್ವಾಂತೊ’, ಇಲ್ಲಿ ‘ಕ್ವಾಂತು’. ಬಸ್ಸು, ಕಾರು ಎನ್ನುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನು ‘ಡ್ಡ’. ಇಟಾಲಿಯನ್‌ನ ‘ಬೆಲ್ಲ’, ಅಂದರೆ ಸುಂದರಿ, ಸಿಸಿಲಿಯಲ್ಲಿ ‘ಬೆಡ್ಡ’. ಕುದುರೆ ‘ಕವಾಲ್ಲೊ’ ಹೋಗಿ ‘ಕವಾಡ್ಡು’. ನಾಲಿಗೆಯನ್ನು ಹಿಂದಕ್ಕೆ ಮಡಚಿ ಹೇಳುವ ಈ ಧ್ವನಿ ಇಟಲಿಯ ಉತ್ತರದವರಿಗೆ ಅಷ್ಟು ಸುಲಭವಾಗಿ ಬಾರದು. ಗುಡ್ಡ, ಬಡ್ಡಿ, ಲಡ್ಡು ಎನ್ನುತ್ತಾ ಬೆಳೆದವರಿಗೆ ಏನು ಕಷ್ಟ? ಸ್ಟ್ರೋಂಬೊಲಿ ದ್ವೀಪದವರು ತಮ್ಮ ಜ್ವಾಲಾಮುಖಿಯನ್ನು ‘ಇಡ್ಡು’ ಎಂದು ಕರೆಯುತ್ತಾರೆ, ಅಂದರೆ ‘ಅವನು’. ಹೆಸರು ಹಿಡಿದು ಕರೆಯುವುದಿಲ್ಲ, ಹಳೆಯ ಕಾಲದ ಹೆಂಡತಿಯರ ಹಾಗೆ.

ಮಾಂಸ ತಿನ್ನದವರಿಗೆ ಒಂದು ಮಾತು. ‘ಸೊನೊ ವೆಜೆತರಿಯಾನ’ ಎಂದರೆ ಸಾಲದು, ‘ಸೆಂತ್ಸ ಕಾರ್ನೆ, ಸೆಂತ್ಸ ಪೆಶ್ಶೆ’ ಎಂದೂ ಸೇರಿಸಿ: ಮಾಂಸ ಬೇಡ, ಮೀನು ಬೇಡ. ಗಂಡಸರು ‘ವೆಜೆತರಿಯಾನೊ’ ಎನ್ನಬೇಕು. ಇಷ್ಟು ಹೇಳಿದರೂ ಸಾಸ್‌ನಲ್ಲಿ ಪುಟ್ಟ ಮೀನೊಂದು ಕರಗಿ ಕುಳಿತಿರಬಹುದು, ಅದರ ಹೆಸರು ‘ಅಚ್ಚೂಗೆ’. ಅಂಗಡಿಯವರು ಗಲ್ಲ ಮೇಲೆತ್ತಿ ‘ಚ್’ ಎಂದು ನಾಲಿಗೆ ಸದ್ದು ಮಾಡಿದರೆ ಬೇಸರವಾಯಿತೇನೋ ಎಂದುಕೊಳ್ಳಬೇಡಿ, ಅದು ‘ಇಲ್ಲ’. ನಾನು ಹೆಚ್ಚಾಗಿ ಬದುಕಿದ್ದು ‘ಪನೆಲ್ಲೆ’ ತಿಂದು. ಕಡಲೆ ಹಿಟ್ಟನ್ನು ಬೇಯಿಸಿ, ಆರಿಸಿ, ತೆಳ್ಳಗೆ ಕತ್ತರಿಸಿ ಕರಿದು ಬನ್ನಿನೊಳಗೆ ಇಡುತ್ತಾರೆ. ಬಜ್ಜಿಯ ದೂರದ ಸಂಬಂಧಿ ಎನ್ನಿ, ಖಾರ ಮಾತ್ರ ಇಲ್ಲ.

ಕಡಲೆಗೆ ಸಿಸಿಲಿಯನ್‌ನಲ್ಲಿ ‘ಚೀಚಿರಿ’. 1282ರಲ್ಲಿ ಪಲೇರ್ಮೋದ ಜನ ಫ್ರೆಂಚರ ಆಳ್ವಿಕೆಯ ವಿರುದ್ಧ ದಂಗೆ ಎದ್ದಾಗ, ಅನುಮಾನ ಬಂದವರ ಮುಂದೆ ಒಂದು ಹಿಡಿ ಕಡಲೆ ಹಿಡಿದು ‘ಇದೇನು, ಹೇಳು’ ಎಂದು ಕೇಳುತ್ತಿದ್ದರಂತೆ. ‘ಚೀಚಿರಿ’ ಎನ್ನಲಾರದವನು ಫ್ರೆಂಚಿನವನು. ಅವನ ಕತೆ ಅಲ್ಲಿಗೆ ಮುಗಿಯಿತು. ಐತಿಹ್ಯವೇ ಇರಬಹುದು. ನಾನಂತೂ ಪನೆಲ್ಲೆ ಅಂಗಡಿಯ ಸಾಲಿನಲ್ಲಿ ನಿಂತು ಆ ಪದವನ್ನು ಹತ್ತು ಸಲ ಹೇಳಿಕೊಂಡೆ.

ಬಲ್ಲರೋದಲ್ಲಿ ತಮಿಳೂ ಕಿವಿಗೆ ಬೀಳುತ್ತದೆ. ಶ್ರೀಲಂಕಾದಿಂದ ಬಂದ ತಮಿಳರು ಈ ಊರಿನಲ್ಲಿ ನೆಲೆ ನಿಂತಿದ್ದಾರೆ. ಕರಿಬೇವು ಮಾರುತ್ತಿದ್ದ ಅಣ್ಣ ಒಬ್ಬರ ಬಳಿ ನನ್ನ ಮುರುಕು ತಮಿಳಿನಲ್ಲಿ ಮಾತಿಗಿಳಿದೆ. ನೋಟ್‌ಬುಕ್ ತಿರುವಿ ನೋಡಿದ ಅವರು, ವಯಸ್ಸಾದವರನ್ನು ಕಂಡಾಗ ‘ಚಾವ್’ ಎನ್ನಬೇಡ, ಅದು ಸರೀಕರಿಗೆ ಎಂದರು. ಇಟಾಲಿಯನ್‌ನಲ್ಲೂ ನೀನು, ನೀವು ಬೇರೆ ಬೇರೆ: ‘ತು’ ಮತ್ತು ‘ಲೇಯ್’. ಸಿಸಿಲಿಯ ಹಿರಿಯರಿಗೆ ಅದಕ್ಕಿಂತ ಒಂದು ತೂಕ ಹೆಚ್ಚಿನ ‘ವೊಸ್ಸೀಯ’ ಇದೆ, ನಮ್ಮ ‘ತಾವು’ ಇದ್ದ ಹಾಗೆ. ಆಮೇಲೆ ಅವರೇ ಪೆನ್ನು ತೆಗೆದುಕೊಂಡು ತಮಿಳು ಅಕ್ಷರದಲ್ಲಿ ಒಂದು ಪದ ಬರೆದುಕೊಟ್ಟರು. ನಾನು ಅದರ ಕೆಳಗೆ ಕನ್ನಡದಲ್ಲಿ ಬರೆದುಕೊಂಡೆ: ‘ಅಸ್ಸಬ್ಬಿನಿರೀಕ’. ತಾವು ನನ್ನನ್ನು ಹರಸಿ ಎಂದು ಅರ್ಥ. ಈಗಿನ ಹುಡುಗರು ಇದನ್ನು ಹೇಳುವುದಿಲ್ಲವಂತೆ.

ಸಂಜೆ ಮನೆಗೆ ಬಂದಾಗ ಅಜ್ಜಿ ಬಾಲ್ಕನಿಯಲ್ಲಿ ಬಟ್ಟೆ ತೆಗೆಯುತ್ತಿದ್ದರು. ಕೈ ಮುಗಿದು ‘ಅಸ್ಸಬ್ಬಿನಿರೀಕ’ ಎಂದೆ. ಕೈಯಲ್ಲಿದ್ದ ಕ್ಲಿಪ್ ಕೈಯಲ್ಲೇ ಉಳಿಯಿತು. ‘ಸಾಂತ ಎ ರಿಕ್ಕ’ ಎಂದರು, ಪುಣ್ಯವಂತೆಯಾಗು, ಸಿರಿವಂತೆಯಾಗು ಎಂದು. ಒಳಗೆ ಕರೆದು ತಟ್ಟೆ ಹಾಕಿ, ಎದುರಿಗೆ ಕುಳಿತು, ತುಂಟ ನಗು ತಡೆದುಕೊಂಡು ಮತ್ತೆ ಕೇಳಿದರು: ‘ಕ್ವಾಂತಿ ಅನ್ನಿ ಆಯ್?’

ತುತ್ತು ನುಂಗಿ, ನೀರು ಕುಡಿದು, ಅಕ್ಕಿ ಬೇಯಿಸಿದ್ದಕ್ಕೆ ನಾವು ಏನೆನ್ನುತ್ತೇವೋ ಅದನ್ನು ನೆನೆದುಕೊಂಡು ಹೇಳಿದೆ: ‘ತ್ರೆಂತದೂಯೆ ಅನ್‌-ನಿ.’