ಅರ್ಧ ಸೆಂಟಿಮೀಟರ್ ತಾನೇ ಅನ್ನುವ ಮುಂಚೆ

ಎಲ್ಲರಿಗೂ ನಮಸ್ಕಾರ.

ಲಿವರ್ ಸ್ಕ್ಯಾನ್ ರಿಪೋರ್ಟ್ ಹಿಡಿದು ಬರುವವರು ಮೊದಲು ಕೇಳುವುದು ಒಂದೇ. "ಡಾಕ್ಟ್ರೇ, ಈ ಗಡ್ಡೆ ಎಷ್ಟು ಬೇಗ ಬೆಳೆಯುತ್ತೆ?" ಇವತ್ತು ಅದನ್ನೇ ಮಾತಾಡೋಣ.

ಗಡ್ಡೆ 2 ಸೆಂಟಿಮೀಟರ್ ಇತ್ತು ಅನ್ನಿ. ಮುಂದಿನ ಸ್ಕ್ಯಾನ್‌ನಲ್ಲಿ 2.5. ಅರ್ಧ ಸೆಂಟಿಮೀಟರ್ ತಾನೇ ಅನ್ನಿಸುತ್ತದೆ, ಅಲ್ವಾ? ಆದರೆ ಗಡ್ಡೆ ಗೆರೆ ಅಲ್ಲ, ಉಂಡೆ. ಎಲ್ಲ ಕಡೆಗೂ ಉಬ್ಬುತ್ತದೆ. 2×2×2 ಅಂದರೆ 8. 2.5ಕ್ಕೆ ಅದೇ ಲೆಕ್ಕ ಹಾಕಿದರೆ ಹದಿನೈದೂವರೆ ದಾಟುತ್ತದೆ. ಅಂದರೆ ಗಡ್ಡೆ ಹೆಚ್ಚುಕಡಿಮೆ ಎರಡರಷ್ಟಾಗಿದೆ! ರಿಪೋರ್ಟ್‌ನಲ್ಲಿ ಅದು ಸುಮ್ನೆ ಒಂದು ಸಣ್ಣ ಅಂಕಿ.

ಹೀಗೆ ಎರಡರಷ್ಟಾಗಲು ಹಿಡಿಯುವ ಕಾಲವೇ ನಮ್ಮ ಅಳತೆಗೋಲು. ಲಿವರ್‌ನಲ್ಲೇ ಹುಟ್ಟುವ ಸಾಮಾನ್ಯ ಕ್ಯಾನ್ಸರ್‌ಗೆ, ಅಂದರೆ ಹೆಪಟೋಸೆಲ್ಯುಲರ್ ಕಾರ್ಸಿನೋಮಕ್ಕೆ, ಸರಾಸರಿ ನಾಲ್ಕರಿಂದ ಆರು ತಿಂಗಳು ಬೇಕು. ಆದರೆ ಈ ಸರಾಸರಿಯನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಮೂರರಲ್ಲಿ ಒಂದು ಗಡ್ಡೆ ಮೂರು ತಿಂಗಳೊಳಗೇ ಎರಡರಷ್ಟಾಗುತ್ತದೆ. ಇನ್ನೊಂದಕ್ಕೆ ಒಂಬತ್ತು ತಿಂಗಳೂ ಸಾಲದು. ಒಂದೇ ತಿಂಗಳಲ್ಲಿ ಎರಡರಷ್ಟಾದವೂ ಇವೆ, ವರ್ಷವಾದರೂ ಆಗದೇ ಇದ್ದವೂ ಇವೆ.

ಯಾಕೆ ಈ ವ್ಯತ್ಯಾಸ? ಒಂದು ಕಾರಣ ರಕ್ತ. ಆರೋಗ್ಯವಾದ ಲಿವರ್‌ಗೆ ಮುಕ್ಕಾಲು ಪಾಲು ರಕ್ತ ಕರುಳಿನ ಕಡೆಯಿಂದ ಬರುವ ಪೋರ್ಟಲ್ ರಕ್ತನಾಳದಿಂದ ಸಿಗುತ್ತದೆ. ಎಳೆಯ ಗಡ್ಡೆಯೂ ಅದರಲ್ಲೇ ಕಾಲ ಹಾಕುತ್ತದೆ. ಆಮೇಲೆ ತನ್ನದೇ ಹೊಸ ಅಪಧಮನಿಗಳನ್ನು ಬೆಳೆಸಿಕೊಳ್ಳುತ್ತದೆ. ಅಲ್ಲಿಂದ ವೇಗ ಜಾಸ್ತಿ. ಸಿಟಿ ಸ್ಕ್ಯಾನ್‌ನಲ್ಲಿ ರಕ್ತಕ್ಕೆ ಚುಚ್ಚಿದ ಬಣ್ಣದ ಔಷಧಿ ಹರಿದ ಕೂಡಲೇ ಗಡ್ಡೆ ಬೆಳ್ಳಗೆ ಹೊಳೆದು, ಸ್ವಲ್ಪ ಹೊತ್ತಿಗೆ ಸುತ್ತಲಿಗಿಂತ ಕಪ್ಪಾಗುವುದು ಇದರಿಂದಲೇ.

ಸಿರೋಸಿಸ್, ಅಂದರೆ ಲಿವರ್ ಗಾಯಗೊಂಡು ಗಟ್ಟಿಯಾಗುವ ಕಾಯಿಲೆ, ಇರುವವರಿಗೆ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡಿಸಿ ಅನ್ನುವುದರ ಹಿಂದೆಯೂ ಇದೇ ಲೆಕ್ಕ. ಮಧ್ಯಮ ವೇಗದ ಗಡ್ಡೆ 1 ಸೆಂಟಿಮೀಟರ್‌ನಿಂದ 2 ಆಗಬೇಕಾದರೆ ಉಂಡೆಯ ಲೆಕ್ಕದಲ್ಲಿ ಎಂಟರಷ್ಟಾಗಬೇಕು, ಅಂದರೆ ಮೂರು ಸಲ ಎರಡರಷ್ಟಾಗಬೇಕು. ಅದಕ್ಕೆ ವರ್ಷಕ್ಕೂ ಮೇಲೆ ಬೇಕು. ಅಷ್ಟರೊಳಗೆ ಎರಡು ಸ್ಕ್ಯಾನ್ ಆಗಿರುತ್ತದೆ. ಮೂರು ತಿಂಗಳಿಗೊಮ್ಮೆ ಮಾಡಿದರೆ ಇನ್ನೂ ಒಳ್ಳೆಯದಲ್ವಾ? ಫ್ರಾನ್ಸ್‌ನವರು ಪರೀಕ್ಷೆ ಮಾಡಿ 2011ರಲ್ಲಿ ವರದಿ ಕೊಟ್ಟರು. ಸಣ್ಣಪುಟ್ಟ ಗಂಟುಗಳು ಜಾಸ್ತಿ ಕಂಡವು. ಆದರೆ 3 ಸೆಂಟಿಮೀಟರ್ ಒಳಗೇ ಸಿಕ್ಕ ಕ್ಯಾನ್ಸರ್‌ಗಳ ಸಂಖ್ಯೆ ಹೆಚ್ಚಲಿಲ್ಲ.

ಈ 3 ಸೆಂಟಿಮೀಟರ್ ಗಡಿ ಯಾಕೆ ಮುಖ್ಯ? ಸೂಜಿ ಚುಚ್ಚಿ ಶಾಖದಿಂದ ಗಡ್ಡೆ ಸುಡುವ ಅಬ್ಲೇಷನ್ ಅದರೊಳಗೆ ಚೆನ್ನಾಗಿ ಕೆಲಸ ಮಾಡುತ್ತದೆ. ದಾಟಿದರೆ ಅಂಚಿನಲ್ಲಿ ಚೂರು ಉಳಿದುಬಿಡುವ ಭಯ. 2.5ರ ಗಡ್ಡೆಗೆ ಆ ಗಡಿ ಮಧ್ಯಮ ವೇಗದಲ್ಲಿ ಮೂರೂವರೆ ತಿಂಗಳ ದೂರ. ತಿಂಗಳಿಗೆ ಎರಡರಷ್ಟಾಗುವ ಗಡ್ಡೆಗೆ ಮೂರೂವರೆ ವಾರ.

ನಿಮ್ಮ ಗಡ್ಡೆ ಯಾವ ಗುಂಪಿನದು ಅಂತ ಒಂದೇ ಸ್ಕ್ಯಾನ್ ನೋಡಿ ಹೇಳುವುದು ಕಷ್ಟ. ಎರಡು ಬೇಕು. ಅಲ್ಟ್ರಾಸೌಂಡ್‌ನಲ್ಲಿ ಅಳೆಯುವ ಕೈ ಬದಲಾದರೆ ಎರಡು ಮೂರು ಮಿಲಿಮೀಟರ್ ಹೆಚ್ಚುಕಡಿಮೆ ಆಗಬಹುದು. ಸಣ್ಣ ಗಡ್ಡೆಯಲ್ಲಿ ಅಷ್ಟೇ ಸಾಕು, ಬೆಳೆಯದಿದ್ದರೂ ಬೆಳೆದ ಹಾಗೆ ಕಾಣುತ್ತದೆ. ಹಾಗಾಗಿ ಬರುವಾಗ ರಿಪೋರ್ಟ್ ಒಂದೇ ತರಬೇಡಿ, ಹಳೇ ಸಿಡಿಯನ್ನೂ ತನ್ನಿ. ಎರಡನ್ನೂ ಅಕ್ಕಪಕ್ಕ ಇಟ್ಟು ನಾವೇ ಮತ್ತೆ ಅಳೆಯುತ್ತೇವೆ.