ಪಿಚರ್ ಕಾಲಿಗೆ ಬಡಿದ ಚೆಂಡು, ರನ್ನರ್ ಮೇಲಿನ ಹೊಣೆ

ವೀಕ್ಷಕರಿಗೆ ನಮಸ್ಕಾರ. ಇಲ್ಲೇ ಕಲಬುರಗಿಯಲ್ಲಿ ನಡೆದ ಮಹಿಳೆಯರ ಸಾಫ್ಟ್‌ಬಾಲ್ ಪಂದ್ಯವೊಂದರ ಒಂದೇ ಒಂದು ತೀರ್ಪನ್ನು ಹಿಡಿದು ಇಂದು ಮಾತನಾಡುತ್ತೇನೆ. ಸೆಕೆಂಡ್ ಬೇಸ್‌ನಲ್ಲಿ ರನ್ನರ್, ಅಂದರೆ ಬ್ಯಾಟಿಂಗ್ ತಂಡದ ಓಟಗಾರ್ತಿ, ಇದ್ದಳು. ಬ್ಯಾಟರ್ ಹೊಡೆದ ಚೆಂಡು ಒಂದು ಪುಟ ಬಿದ್ದು, ಚೆಂಡು ಎಸೆದವಳಾದ ಪಿಚರ್‌ಳ ಮೊಣಕಾಲ ಕೆಳಗೆ ಬಡಿದು, ಅರ್ಧ ವೇಗ ಕಳೆದುಕೊಂಡು, ಸೆಕೆಂಡ್ ಮತ್ತು ಥರ್ಡ್ ಬೇಸ್ ನಡುವೆ ನಿಲ್ಲುವ ಫೀಲ್ಡರ್ ಆದ ಶಾರ್ಟ್‌ಸ್ಟಾಪ್ ಕಡೆಗೆ ಉರುಳಿತು. ಆಕೆ ಬಗ್ಗಿ ಗ್ಲೌಸ್ ಚಾಚುವಷ್ಟರಲ್ಲಿ ಥರ್ಡ್ ಬೇಸ್‌ಗೆ ಓಡುತ್ತಿದ್ದ ರನ್ನರ್ ಆಕೆಯ ಭುಜಕ್ಕೆ ಢಿಕ್ಕಿ ಹೊಡೆದಳು. ಅಂಪೈರ್ ಕೂಡಲೇ ಆಟ ನಿಲ್ಲಿಸಿ, ಇಂಟರ್‌ಫಿಯರೆನ್ಸ್ (ಫೀಲ್ಡರ್‌ಗೆ ಅಡ್ಡಿ), ರನ್ನರ್ ಔಟ್ ಎಂದರು.

“ಸರ, ಬಾಲ್ ಮೊದಲ ಪಿಚರ್ ಕಾಲಿಗಿ ಬಡದಾದ್ರಿ, ನಾ ಹ್ಯಾಂಗ ಔಟ್ ಆಗ್ತೀನ್ರಿ?” ಎಂದು ಆ ಹುಡುಗಿ ಕೇಳಿದಳು. ಪೆಂಡಾಲ್ ಕೆಳಗೆ ಕುಳಿತಿದ್ದವರಲ್ಲಿ ಹೆಚ್ಚಿನವರು ಆಕೆಯ ಪರವಾಗಿಯೇ ಕೂಗಿದರು, ಏಕೆಂದರೆ ಫೀಲ್ಡರ್ ಮುಟ್ಟಿದ ಮೇಲೆ ರನ್ನರ್‌ಗೆ ಎಲ್ಲವೂ ಮಾಫಿ ಎಂಬ ಮಾತು ನಮ್ಮ ಮೈದಾನಗಳಲ್ಲಿ ಬಹಳ ದಿನಗಳಿಂದ ಓಡಾಡುತ್ತಿದೆ. ಆ ಮಾತು ಅರ್ಧ ನಿಜ, ಮತ್ತು ಜಗಳಕ್ಕೆ ಕಾರಣವಾಗಿರುವುದು ಆ ಅರ್ಧ ನಿಜವೇ.

ನಿಜವಾದ ಅರ್ಧ ಇದು: ಬೇಸ್ ಬಿಟ್ಟು ನಿಂತಿರುವ ರನ್ನರ್‌ಗೆ, ಯಾವ ಫೀಲ್ಡರ್ ಕೂಡ ಮುಟ್ಟದ ಹಾಗೂ ಪಿಚರ್ ಬಿಟ್ಟು ಬೇರೆ ಇನ್‌ಫೀಲ್ಡರ್ (ಬೇಸ್‌ಗಳ ಬಳಿ ನಿಲ್ಲುವ ಫೀಲ್ಡರ್) ಯಾರನ್ನೂ ದಾಟದ ಫೇರ್ ಬಾಲ್ (ಗೆರೆಗಳ ಒಳಗೆ ಹೊಡೆದ ಚೆಂಡು) ತಗುಲಿದರೆ, ಆಕೆ ಬೇಕೆಂದು ಮಾಡಿರಲಿ ಬಿಡಲಿ, ಔಟ್. ಅದೇ ಚೆಂಡು ಮೊದಲು ಪಿಚರ್‌ಗೋ ಮತ್ತೊಬ್ಬ ಫೀಲ್ಡರ್‌ಗೋ ಬಡಿದು ದಿಕ್ಕು ಬದಲಿಸಿ ಬಂದು ತಗುಲಿದರೆ, ಆಕೆ ಬೇಕೆಂದೇ ಅಡ್ಡ ಬಂದಿಲ್ಲದಿದ್ದರೆ ಔಟ್ ಅಲ್ಲ. ಚೆಂಡು ಜೀವಂತವಾಗಿರುತ್ತದೆ, ಆಟ ಮುಂದುವರಿಯುತ್ತದೆ. ಇದು ನ್ಯಾಯವೇ. ಬ್ಯಾಟರ್ ಹೊಡೆದ ಚೆಂಡಿನ ದಾರಿಯನ್ನು ನೋಡಿ ಓಡುವುದು ರನ್ನರ್‌ಳ ಕೆಲಸ, ಆದರೆ 13.11 ಮೀಟರ್ ದೂರದಿಂದ ಎಸೆದು ಬ್ಯಾಟರ್‌ಗೆ ಇನ್ನಷ್ಟು ಹತ್ತಿರ ಬಂದು ನಿಂತ ಪಿಚರ್‌ಳ ಕಾಲಿಗೆ ಸಿಡಿದ ಚೆಂಡು ಎತ್ತ ಹೋದೀತೆಂದು ಯಾರೂ ಊಹಿಸಲಾರರು. ಇಲ್ಲಿ ಒಂದು ಮಾತು ಹೇಳಲೇಬೇಕು. ಬೇಸಿಗೆಯಲ್ಲಿ ನಮ್ಮ ಎರಿ ನೆಲ ಬಿರುಕು ಬಿಟ್ಟು, ಚೆಂಡು ಅದರ ಅಂಚಿಗೆ ತಾಗಿ ಎತ್ತಲೋ ಹಾರುವುದುಂಟು. ಅದನ್ನೂ ಡಿಫ್ಲೆಕ್ಷನ್, ಅಂದರೆ ಫೀಲ್ಡರ್‌ಗೆ ಬಡಿದು ದಿಕ್ಕು ಬದಲಿಸಿದಂತೆಯೇ, ಎಂದು ವಾದಿಸಿದ ತರಬೇತುದಾರರನ್ನು ನಾನು ಕಂಡಿದ್ದೇನೆ. ನೆಲದ ಬಿರುಕು ಫೀಲ್ಡರ್ ಅಲ್ಲ.

ಇನ್ನು ಆ ಹುಡುಗಿಯ ಪ್ರಶ್ನೆ. ಆಕೆಗೆ ಚೆಂಡು ತಗುಲಲೇ ಇಲ್ಲ, ಆಕೆ ಫೀಲ್ಡರ್‌ಗೆ ಬಡಿದಳು. ಚೆಂಡು ಹಿಡಿಯುವ ಫೀಲ್ಡರ್‌ಳನ್ನು ತಪ್ಪಿಸಿ ಹೋಗುವ ಹೊಣೆ ರನ್ನರ್‌ಳದೇ, ಮತ್ತು ಚೆಂಡು ಪಿಚರ್‌ಗೆ ಮಾತ್ರ ತಾಗಿದ್ದರೆ ಆ ಹೊಣೆ ಕಳಚುವುದಿಲ್ಲ. ಅಮೆರಿಕದ ಹೈಸ್ಕೂಲು ನಿಯಮ ಪುಸ್ತಕ ಇದನ್ನು ಸ್ಪಷ್ಟವಾಗಿ ಬಿಡಿಸಿಟ್ಟಿದೆ: ಪಿಚರ್ ಬಿಟ್ಟು ಬೇರೆ ಯಾರೂ ಮುಟ್ಟದ ಚೆಂಡನ್ನು ಹಿಡಿಯುವ ಸಾಧ್ಯತೆ ಇರುವವರೆಗೆ ಫೀಲ್ಡರ್‌ಗೆ ರಕ್ಷಣೆ ಇದೆ, ಕೈಜಾರಿದರೂ ಚೆಂಡು ಒಂದು ಹೆಜ್ಜೆ ಮತ್ತು ಒಂದು ಕೈಚಾಚಿನೊಳಗೆ ಇದ್ದರೆ ಆ ರಕ್ಷಣೆ ಉಳಿಯುತ್ತದೆ. ಈ ‘ಒಂದು ಹೆಜ್ಜೆ, ಒಂದು ಕೈಚಾಚು’ ನನಗೆ ಬಹಳ ಇಷ್ಟವಾದ ಅಳತೆ, ಏಕೆಂದರೆ ಅದಕ್ಕೆ ಟೇಪು ಬೇಡ, ಅಂಪೈರ್‌ನ ಕಣ್ಣು ಸಾಕು. ಆದ್ದರಿಂದ ಅಂದಿನ ತೀರ್ಪು ಸರಿಯಾಗಿತ್ತು.

ಚೆಂಡು ಮೊದಲು ಥರ್ಡ್ ಬೇಸ್‌ನವಳ ಗ್ಲೌಸಿಗೆ ತಾಗಿ, ಅದರ ಹಿಂದೆ ಓಡಿದ ಶಾರ್ಟ್‌ಸ್ಟಾಪ್‌ಗೆ ರನ್ನರ್ ಢಿಕ್ಕಿ ಹೊಡೆದಿದ್ದರೆ ಏನು? ಆ ಎರಡನೆಯ ಫೀಲ್ಡರ್‌ಗೆ ಎಷ್ಟು ರಕ್ಷಣೆ ಎಂಬುದರಲ್ಲಿ ನಿಯಮ ಪುಸ್ತಕಗಳೆಲ್ಲ ಒಂದೇ ಮಾತು ಆಡುವುದಿಲ್ಲ. ನನ್ನ ದೂರು ಇರುವುದು ಇಲ್ಲಿಯೇ. ಪಂದ್ಯಕ್ಕೆ ಮುಂಚೆ ಹೋಮ್ ಪ್ಲೇಟ್ ಬಳಿ ನಾಯಕಿಯರನ್ನು ಕರೆದು ಟಾಸ್ ಹಾಕುವ ಸಂಘಟಕರು, ಯಾವ ಪುಸ್ತಕದ ಪ್ರಕಾರ ಆಡುತ್ತಿದ್ದೇವೆ ಎಂದು ಒಂದು ಮಾತು ಹೇಳುವುದಿಲ್ಲ. ಅಂದಿನ ಅಂಪೈರ್ ಕೂಡ ಸರಿಯಾದ ತೀರ್ಪು ಕೊಟ್ಟರೇ ಹೊರತು, “ಚೆಂಡಿನಿಂದಲ್ಲ, ಫೀಲ್ಡರ್‌ಗೆ ಅಡ್ಡ ಬಂದಿದ್ದರಿಂದ ಔಟ್” ಎಂಬ ಒಂದು ವಾಕ್ಯವನ್ನು ಗಟ್ಟಿಯಾಗಿ ಹೇಳಲಿಲ್ಲ. ಹೇಳಿದ್ದರೆ ಪೆಂಡಾಲ್ ಕೆಳಗಿನ ಗದ್ದಲ ಅಷ್ಟು ಹೊತ್ತು ನಡೆಯುತ್ತಿರಲಿಲ್ಲ.

ಪಂದ್ಯ ಮುಗಿದ ಮೇಲೆ ನಾನೇ ಹೋಗಿ ನಾಲ್ಕು ಹರಳು ಇಟ್ಟು ಆ ಹುಡುಗಿಗೆ ಇದನ್ನೆಲ್ಲ ತೋರಿಸಿದೆ. ಆಕೆ ಹರಳುಗಳನ್ನು ನೋಡುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರ ಆಕಿಗಿ ಬಡಿಯೋದ್ ಬಿಟ್ಟು ಬಾಲಿಗೇ ಕಾಲ್ ಕೊಟ್ಟಿದ್ರ ಉಳೀತಿದ್ನಲ್ರಿ ಸರ” ಎಂದಳು. ಬೇಕೆಂದೇ ಕೊಟ್ಟಿದ್ದರೆ ಅದಕ್ಕೂ ಔಟೇ ಎಂದು ಹೇಳಬೇಕಾಯಿತು.